ಪಂಪಿನ ಕಪ್ಪು ತಂತಿ

ಮಗಳು ಉಮಾಶ್ರೀ ತೀರಿಕೊಂಡ ಸುದ್ದಿ ಬಂದಾಗ ಸೂಗಪ್ಪ ಎಡಗೈಯಲ್ಲಿ ಲಿಂಗ ಹಿಡಿದು ಕೂತಿದ್ದ. ಹಿಮಾಯತ್‌ನಗರದ ಗಲ್ಲಿಯೊಳಗೆ ಎರಡು ಕೋಣೆಯ ಮನೆ. ಫೋನು ಚಾರ್ಜಿಗೆ ಹಾಕುವ ಪ್ಲಗ್ಗು ದೇವರ ಮಾಡದ ಕೆಳಗೇ ಇತ್ತು. ಫೋನು ಹಲಗೆಯ ಮೇಲೆ ಗುರುಗುಟ್ಟುತ್ತ ಸರಿದಾಡಿತು. ಅವನು ಕಣ್ಣು ತೆರೆಯಲಿಲ್ಲ. ಪೂಜೆಯ ನಡುವೆ ಎದ್ದವನಲ್ಲ ಅವನು; ನಲವತ್ತು ವರ್ಷ ಗಿರಾಕಿಗಳು ಅವನ ಗಾಡಿ ವೈರಿಂಗ್ ಅಂಗಡಿಯ ಬಾಗಿಲಲ್ಲಿ ನಿಂತು ಹಾರನ್ ಹೊಡೆದರೂ ಎದ್ದಿರಲಿಲ್ಲ. ಫೋನು ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಐದನೆಯ ಸಲವೋ ಆರನೆಯ ಸಲವೋ ಅವನೊಳಗೆ ಸಣ್ಣದೊಂದು ಸಿಟ್ಟು ಹುಟ್ಟಿತು. ಸಿಟ್ಟನ್ನು ಲಿಂಗದ ಮುಂದೆ ತಂದೆನಲ್ಲ ಎಂದು ಮಂತ್ರವನ್ನು ಮೊದಲಿನಿಂದ ಹೇಳಿದ. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿಕೊಂಡು, ಫೋನು ಎತ್ತಿದ. ತೆಲುಗಿನಲ್ಲಿ ಒಬ್ಬ ಪೊಲೀಸಿನವನು ಮೊದಲು ಅವನ ಹೆಸರು ಕೇಳಿದ, ಆಮೇಲೆ ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಹೊರವರ್ತುಲ ರಸ್ತೆಯಲ್ಲಿ ಬೆಳಗಿನ ಜಾವ ಕಾರು ಕೆಟ್ಟು ನಿಂತಿತ್ತಂತೆ. ಹುಡುಗಿ ಇಳಿದು ಬಲಗಡೆಯ ಹಿಂದಿನ ಬಾಗಿಲು ತೆರೆದು ಒಳಗೆ ಬಗ್ಗಿದ್ದಳಂತೆ. ಹಿಂದಿನಿಂದ ಬಂದ ವ್ಯಾನು ಬಾಗಿಲನ್ನೂ ಅವಳನ್ನೂ ಒಟ್ಟಿಗೆ ಎತ್ತಿಕೊಂಡು ಹೋಯಿತಂತೆ. ಸೂಗಪ್ಪ ಎಲ್ಲಕ್ಕೂ ಆಯಿತು ಸಾರ್, ಆಯಿತು ಸಾರ್ ಎಂದ. ಆ ಎರಡು ಮಾತನ್ನು ತಾನು ಅಂದೆನೆಂಬುದು ಮುಂದೆ ಅವನಿಗೆ ಎಷ್ಟೋ ಸಲ ನೆನಪಾಗಿ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಗುತ್ತಿತ್ತು. ಅಡಿಗೆಮನೆಯಿಂದ ಹೆಂಡತಿ ಗದಿಗೆಮ್ಮ, "ಯಾರದ್ರೀ, ಮುಂಜಾನೆದ್ದು?" ಎಂದಳು. ರೊಟ್ಟಿ ಬಡಿಯುವ ಸಪ್ಪಳ ಇನ್ನೂ ನಿಂತಿರಲಿಲ್ಲ. ಸೂಗಪ್ಪ ಫೋನನ್ನು ಹಲಗೆಯ ಮೇಲಿಟ್ಟು ಆ ಸಪ್ಪಳದ ಕಡೆ ನಡೆದ.

ಅದಾಗಿ ಒಂಬತ್ತು ದಿನ. ಆ ಒಂಬತ್ತು ದಿನವೂ ಅವನು ಕರಡಿಗೆ ತೆರೆದಿದ್ದಾನೆ, ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದಾನೆ, ಒಂದು ದಿನವೂ ಕೈ ನಡುಗದೆ ನಿಂತಿಲ್ಲ. ನಡುಗುವುದು ವಯಸ್ಸಿಗಾದರೆ ಚಹಾದ ಕಪ್ಪು ಹಿಡಿದಾಗಲೂ ನಡುಗಬೇಕು, ಅದು ನಡುಗುತ್ತಿರಲಿಲ್ಲ. ಆ ಕೈಗೆ ತಾನು ಏನು ಮಾಡಿದ್ದೇನೆಂದು ಗೊತ್ತಿತ್ತು. ಶ್ರಾವಣದಲ್ಲಿ ಉಮಾ ತನ್ನ ಕಾರಿಗೆ, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ದೊಡ್ಡ ಪಂಪು ಹಾಕುವಾಗ, ಬ್ಯಾಟರಿಯಿಂದ ಪಂಪಿನವರೆಗಿನ ಹೊಸ ದಪ್ಪ ತಂತಿಯನ್ನು ಹಿಮಾಯತ್‌ನಗರದ ಅಂಗಡಿಗೆ ತಂದಿದ್ದಳು. "ಅಪ್ಪಾ, ರಿಲೇದ ಬಲ್ಲಿ ಈ ಒಂದು ಜೋಡ ನೀ ಮಾಡಿಕೊಡು" ಎಂದಿದ್ದಳು. ಎಲ್ಲವನ್ನೂ ಅವಳೇ ಮಾಡಬಲ್ಲವಳು. ಆ ಒಂದನ್ನು ಅವನ ಕೈಯಿಂದ ಮಾಡಿಸಬೇಕೆಂಬುದು ಅವಳ ಆಸೆ. ಅಂಗಡಿಯಲ್ಲಿ ಗಿರಾಕಿ ಕೂತಿದ್ದ. ಸೂಗಪ್ಪ ಅವನ ಜೊತೆ ಮಾತಾಡುತ್ತಲೇ ಬೆಸುಗೆ ಹಾಕಿದ. "ನಮ್ಮ ಹುಡುಗಿದು ಆಟದ ಸಾಮಾನರೀ ಇದು" ಎಂದು ನಕ್ಕ. ಬೆಸುಗೆ ಆರಿದ ಮೇಲೆ ತಂತಿಯನ್ನು ಎರಡೂ ಕಡೆಯಿಂದ ಜಗ್ಗಿ ನೋಡುವುದು ಅವನ ಪದ್ಧತಿ. ಆ ಪದ್ಧತಿಯನ್ನು ಅವಳಿಗೆ ಕಲಿಸಿದವನೂ ಅವನೇ. ಅಂದು ಜಗ್ಗಿದ್ದನೋ ಇಲ್ಲವೋ; ಜಗ್ಗಿರದಿದ್ದರೆ ಆ ಜೋಡು ಸಡಿಲಾಗಿಯೇ ಕಾರು ರಸ್ತೆಯಲ್ಲಿ ನಿಂತಿರಬೇಕು. ಒಂಬತ್ತು ದಿನದಿಂದ ಅವನು ಆ ಮಧ್ಯಾಹ್ನಕ್ಕೆ ಹೋಗಿ ತನ್ನ ಕೈಗಳನ್ನೇ ನೋಡುತ್ತಿದ್ದಾನೆ. ಗಿರಾಕಿಯ ಮುಖ ಕಾಣುತ್ತದೆ, ಬೆಸುಗೆಯ ಹೊಗೆ ಕಾಣುತ್ತದೆ, ಉಮಾಳ ಮುಖದ ಮೇಲಿನ ನಗು ಒಂದು ಕ್ಷಣ ಸಣ್ಣದಾಗಿದ್ದೂ ಕಾಣುತ್ತದೆ. ಕೈ ಕಾಣುವುದಿಲ್ಲ. ಮರುದಿನ ಅವಳ ಹೆಸರಿನ ಶಿವಗಣಾರಾಧನೆ. ನೆಂಟರು ಬರುತ್ತಾರೆ, ಅಯ್ಯನವರು ಬರುತ್ತಾರೆ, ಎಲ್ಲರ ಮುಂದೆ ಅವನು ಲಿಂಗವನ್ನು ಕೈಯಲ್ಲಿ ಹಿಡಿದು ಮಗಳ ಹೆಸರು ಹೇಳಬೇಕು. ಅದಕ್ಕೆ ಮುಂಚೆ ಈ ಕೈ ಎಂಥದೆಂದು ತಿಳಿಯಬೇಕು ಎಂದು ಅವನು ನಿಶ್ಚಯಿಸಿದ. ಕಾರು ಪೊಲೀಸರಿಂದ ಬಿಡುಗಡೆಯಾಗಿ ಮಣಿಕೊಂಡದಲ್ಲಿದ್ದ ಅವಳ ಗ್ಯಾರೇಜು ಶೆಡ್ಡಿಗೆ ಬಂದಿತ್ತು.

ಜೊತೆಗೆ ಸೂರ್ಯಕಾಂತ ಹೊರಟ. ಒಂದೇ ಊರಿನವರು, ಒಂದೇ ವರ್ಷ ಹೈದರಾಬಾದಿಗೆ ಬಂದವರು. ಪಕ್ಕಪಕ್ಕದ ಅಂಗಡಿಗಳಲ್ಲಿ ಸೂರ್ಯಕಾಂತ ಎಂಜಿನ್ ಬಿಚ್ಚುತ್ತ, ಸೂಗಪ್ಪ ತಂತಿ ಎಳೆಯುತ್ತ ಮುದುಕರಾದವರು. ಆಟೋ ಗಚ್ಚಿಬೌಲಿಯ ಗಾಡಿಗಳ ನಡುವೆ ಅರ್ಧ ಗಂಟೆ ನಿಂತಿತು. "ನಿನ್ನ ಬೆಸಿಗಿ ಬಿಚ್ಚೋದಿಲ್ಲಲೇ ಸೂಗ್ಯಾ" ಎಂದ ಸೂರ್ಯಕಾಂತ. "ನೀ ಹಾಕಿದ ಬೆಸಿಗಿ ಬಿಡಸಾಕ ನಾ ಒಮ್ಮೆ ಹಲ್ಲ ಮುರಕೊಂಡೀನಿ. ಹಾಂ, ಇಲ್ಲಿ ನೋಡು." ಬಾಯಿ ತೆರೆದು ಖಾಲಿ ಜಾಗ ತೋರಿಸಿದ. ಆಟೋದವನು ಕನ್ನಡಿಯಲ್ಲಿ ನೋಡಿ ನಕ್ಕ. ಸೂಗಪ್ಪನೂ ನಕ್ಕ, ನಕ್ಕದ್ದು ತಿಳಿದೊಡನೆ ಬಾಯಿ ಮುಚ್ಚಿಕೊಂಡ.

ಶೆಡ್ಡಿನ ಬಾಗಿಲನ್ನು ತಾರಾ ತೆರೆದಳು. ಅವಳೂ ಉಮಾಳೂ ಕೂಡಿ ಐದು ವರ್ಷದಿಂದ ನಡೆಸುತ್ತಿದ್ದ ಶೆಡ್ಡು. ಹೈದರಾಬಾದಿನಲ್ಲೇ ಹುಟ್ಟಿದ ಹುಡುಗಿ. ಮನೆಮಾತು ಕನ್ನಡವಾದರೂ ಓದಲು ಬಾರದು. ಸೂಗಪ್ಪ ಇಲ್ಲಿಗೆ ಐದು ವರ್ಷದಲ್ಲಿ ಎರಡು ಸಲ ಬಂದಿದ್ದ. ಎರಡು ಸಲವೂ ಬಾಗಿಲಲ್ಲೇ ನಿಂತು, ಇಷ್ಟು ದೂರ ಯಾಕೆ ಬಂದು ಕೂತಿರಿ, ನಮ್ಮ ಗಲ್ಲಿಯಲ್ಲಿ ಜಾಗ ಇರಲಿಲ್ಲವೇ ಎಂದು ಹೇಳಿ ಹೋಗಿದ್ದ. ಇವತ್ತು ಒಳಗೆ ಬಂದ. ಗೋಡೆಯ ಮೇಲೆ ಬೋಲ್ಟು ಬಿಚ್ಚುವ ಪಾನಾಗಳು ಅಳತೆಯ ಪ್ರಕಾರ ಸಾಲಾಗಿ ನೇತಾಡುತ್ತಿದ್ದವು, ಚಿಕ್ಕದರಿಂದ ದೊಡ್ಡದಕ್ಕೆ. ಅವನ ಅಂಗಡಿಯಲ್ಲಿ ಹಾಗೇ ಇರುತ್ತವೆ. ಕಾರು ನಡುವೆ ನಿಂತಿತ್ತು: ಇಪ್ಪತ್ತು ವರ್ಷದ ಹಳೆಯ ಜಪಾನಿ ಕಾರು, ಬೂದಿಬಣ್ಣದ್ದು, ಬಲಗಡೆಯ ಹಿಂದಿನ ಬಾಗಿಲಿಲ್ಲದ್ದು. ಬಾಗಿಲು ಕಿತ್ತುಹೋದ ಜಾಗದಲ್ಲಿ ತಗಡು ಹರಿದ ರಟ್ಟಿನಂತೆ ಮಡಚಿಕೊಂಡಿತ್ತು. ಉಳಿದಂತೆ ಒಂದು ಗೀರೂ ಇರಲಿಲ್ಲ. ಸೂಗಪ್ಪ ಆ ತೆರೆದ ಜಾಗವನ್ನು ನೋಡದೆ ಮುಂದೆ ಹೋಗಿ ಬಾನೆಟ್ಟು ಎತ್ತಿಸಿದ.

ಎತ್ತಿಸಿದವನು ಬಗ್ಗಿ ಒಳಗೆ ನೋಡಿದ. ನಲವತ್ತು ವರ್ಷದಲ್ಲಿ ಅವನು ಎಷ್ಟು ಗಾಡಿಗಳ ತಂತಿ ನೋಡಿದ್ದನೋ ದೇವರೇ ಬಲ್ಲ. ಕಂಪನಿಯಲ್ಲಿ ಕೂಡಿಸಿದ್ದನ್ನು ನೋಡಿದ್ದ, ಗಲ್ಲಿಯಲ್ಲಿ ಹರಿದು ಅಂಟಿಸಿದ್ದನ್ನು ನೋಡಿದ್ದ. ಹೀಗೆ ಕೂಡಿಸಿದ್ದನ್ನು ನೋಡಿರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಗಾಳಿ ಒತ್ತಿ ತುಂಬುವ ದೊಡ್ಡ ಟರ್ಬೋ, ಅದರ ಬಿಸಿ ತಾಗದಷ್ಟು ದೂರದಲ್ಲಿ, ತಾಗಬಹುದಾದ ಕಡೆ ಇಮ್ಮಡಿ ಬಟ್ಟೆಯ ಹೊದಿಕೆಯಲ್ಲಿ, ತಂತಿಗಳು ಒಂದರ ಪಕ್ಕ ಒಂದು ಹೆಣೆದುಕೊಂಡು ಹೋಗಿದ್ದವು. ತಿರುವಿನಲ್ಲಿ ಹೊರಗಿನ ತಂತಿ ಕೂದಲೆಳೆಯಷ್ಟು ಉದ್ದವಾಗಿತ್ತು, ಎಲ್ಲಿಯೂ ಬಿಗಿ ಇಲ್ಲ, ಎಲ್ಲಿಯೂ ಜೋಲಿಲ್ಲ. ಎಂಜಿನ್ ಅಲುಗಿದರೆ ಇಷ್ಟು ಅಲುಗುತ್ತದೆಂದು ಮೊದಲೇ ತಿಳಿದು ಅಷ್ಟೇ ಸಡಿಲು ಬಿಟ್ಟಿದ್ದಳು. ಪ್ರತಿಯೊಂದು ತಂತಿಯ ತುದಿಯಲ್ಲೂ ಬಿಳಿಯ ಕೊಳವೆ, ಅದರ ಮೇಲೆ ಸಾಸಿವೆಯಷ್ಟು ಸಣ್ಣ ಕನ್ನಡ ಅಕ್ಷರ. ಪಂಪು. ಫ್ಯಾನು. ಕಿಡಿ ಒಂದು, ಕಿಡಿ ಎರಡು. ಅವನು ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ಓದಿದ.

"ನಂಗ ಓದಾಕ ಬರಂಗಿಲ್ಲ, ಇಂಗ್ಲೀಷಿನಾಗ ಬರೀ ಅಂತ ಎಷ್ಟ ಲಡಾಯಿ ಮಾಡೀನಿ ಕಾಕಾ" ಎಂದಳು ತಾರಾ. "ಕೇಳಲೇ ಇಲ್ರೀ. ಅಪ್ಪ ಒಂದಿನ ನೋಡಾಕ ಬರ್ತಾನ, ಅಂವಗ ತಿಳೀಬೇಕು ಅಂತಿದ್ಲು."

ಸೂಗಪ್ಪ ಬಾನೆಟ್ಟಿನ ಅಂಚು ಹಿಡಿದು ನಿಂತ. ತನ್ನ ಮಗಳು ಎನ್ನುವುದಕ್ಕಿಂತ, ಇಂಥ ಕೈಯೊಂದು ಈ ಲೋಕದಲ್ಲಿತ್ತು, ಅದು ತನ್ನ ಮನೆಯಲ್ಲಿ ಊಟದ ತಟ್ಟೆ ಎತ್ತಿಡುತ್ತಿತ್ತು, ತನಗೆ ಅದು ಗೊತ್ತಿರಲಿಲ್ಲ ಎಂಬುದು ಅವನನ್ನು ಭಯಕ್ಕೆ ಹತ್ತಿರವಾದ ಒಂದು ಬೆರಗಿನಲ್ಲಿ ನಿಲ್ಲಿಸಿತು. ಗುಡಿಯ ಕಂಬದ ಕೆತ್ತನೆಯ ಮುಂದೆ ನಿಂತಾಗ ಹೀಗಾಗುತ್ತದೆ, ಕೆತ್ತಿದವನ ಹೆಸರು ಕೇಳಲು ಯಾರೂ ಉಳಿದಿರುವುದಿಲ್ಲ. ಈ ಹೆಸರು ಅವನಿಗೆ ಗೊತ್ತಿತ್ತು. ತೊಟ್ಟಿಲಲ್ಲಿ ಮೂರು ಸಲ ಕಿವಿಯಲ್ಲಿ ಹೇಳಿಸಿದ್ದು ಅವನೇ.

ಕೆಲಸ ಶುರುವಾಯಿತು. ಪೆಟ್ರೋಲ್ ಪಂಪು ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನೊಳಗೆ ಮುಳುಗಿರುತ್ತದೆ. ಬ್ಯಾಟರಿಯನ್ನು ಅವಳು ಡಿಕ್ಕಿಗೆ ಸಾಗಿಸಿದ್ದಳು. ಬ್ಯಾಟರಿಯಿಂದ ಕೆಂಪು ತಂತಿ ಫ್ಯೂಜಿಗೆ, ಫ್ಯೂಜಿನಿಂದ ಸ್ವಿಚ್ಚಿನಂತೆ ಕರೆಂಟು ಬಿಡುವ ರಿಲೇಗೆ, ರಿಲೇಯಿಂದ ಪಂಪಿಗೆ. ಪಂಪಿನಿಂದ ಕಪ್ಪು ತಂತಿ ಸೀಟಿನ ಕೆಳಗೇ ಕಾರಿನ ತಗಡಿಗೆ ಬಿಗಿದ ಬೋಲ್ಟಿಗೆ. ಅಲ್ಲಿಂದ ಕರೆಂಟು ತಗಡಿನ ಮೂಲಕವೇ ಬ್ಯಾಟರಿಗೆ ಹಿಂದಿರುಗಬೇಕು. ದಾರಿ ಅಷ್ಟೇ. ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಕರೆಂಟು ಸೋತಿದೆ, ಪಂಪು ನಿಧಾನವಾಗಿದೆ, ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಕಾರು ನಿಂತಿದೆ. ತಾರಾ ಅಷ್ಟು ಹೇಳಿದ್ದಳು: ಕಾರುಗಳ ಓಟದ ಮೈದಾನಕ್ಕೆ ಹೊರಟಾಗ ರಸ್ತೆಯಿಂದ ಉಮಾ ಫೋನು ಮಾಡಿ, ಪಂಪು ಸೊರಗುತ್ತಿದೆ, ನೋಡಿ ಬರುತ್ತೇನೆ ಎಂದಿದ್ದಳಂತೆ. ಸೂಗಪ್ಪ ಪಂಪಿನ ಪ್ಲಗ್ಗು ಬಿಚ್ಚಿ ವೋಲ್ಟು ಅಳೆಯುವ ಮೀಟರಿನ ತಂತಿಗಳ ತುದಿಯ ಎರಡು ಮುಳ್ಳುಗಳನ್ನು ಇಟ್ಟ. ಹನ್ನೆರಡೂವರೆ ವೋಲ್ಟು.

"ಐತಲ್ಲೋ ಪೂರಾ!" ಎಂದ ಸೂರ್ಯಕಾಂತ. "ತಂತಿದು ಏನೂ ಇಲ್ಲ. ಪಂಪೇ ಹೋಗಿರಬೇಕು. ನಡಿ, ಚಾ ಕುಡಿಯೋಣು."

"ಇದು ಸುಳ್ಳ" ಎಂದ ಸೂಗಪ್ಪ.

"ಮೀಟರ್ ಸುಳ್ಳ ಹೇಳತೈತೇನಲೇ?"

"ಮೀಟರ್ ಖರೇನ ಹೇಳತೈತಿ. ನಾವ ಕೇಳಿದ್ದ ಸುಳ್ಳ. ಖಾಲಿ ಕುಂತಾಗ ಎಲ್ಲಾರೂ ಗಟ್ಟಿನ ಇರ್ತಾರ. ಹೊರಿ ಹೊರಿಸಿ ಕೇಳಬೇಕು."

ಆ ಮಾತು ತನ್ನದೇ ಎಂದು ಅವನಿಗೆ ಆಡಿದ ಮೇಲೆ ತಿಳಿಯಿತು. ಹನ್ನೆರಡು ವರ್ಷದ ಉಮಾ ಅಂಗಡಿಯ ಸ್ಟೂಲಿನ ಮೇಲೆ ಕೂತು ಕೇಳಿದ್ದಳು: ಅಪ್ಪಾ, ತಂತಿಯ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರಿನಲ್ಲಿ ಹನ್ನೆರಡೇ ಬರುತ್ತದಲ್ಲ, ಹಾಗಾದರೆ ತಂತಿ ಚೆನ್ನಾಗಿದೆಯೆಂದು ಹೇಗೆ ತಿಳಿಯುವುದು? ಅವನು ಹಳೆಯ ಹೆಡ್‌ಲೈಟಿನ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿ ಕೊಟ್ಟಿದ್ದ. ಬಲ್ಬು ಕರೆಂಟು ಎಳೆಯುತ್ತದೆ. ದಾರಿ ಇಕ್ಕಟ್ಟಾದರೆ ಮಂಕಾಗುತ್ತದೆ. ಅವಳು ಅಂದು ಸಂಜೆಯವರೆಗೆ ಅಂಗಡಿಯ ಒಂದೊಂದು ತಂತಿಗೂ ಅದನ್ನು ಹಚ್ಚಿ ನೋಡುತ್ತ ಕೂತಿದ್ದಳು. ಈಗ ಅದೇ ರೀತಿ ತಾರಾಳಿಂದ ಒಂದು ಹಳೆಯ ಬಲ್ಬು ಕೇಳಿ ಪಡೆದು, ಪಂಪಿನ ಪ್ಲಗ್ಗಿಗೆ ಹಚ್ಚಿದ. ಬೆಳ್ಳಗೆ ಉರಿಯಬೇಕಾದ ಬಲ್ಬು ಆರುವ ಕೆಂಡದಂತೆ ಕೆಂಪಾಗಿ ನಿಂತಿತು.

ಮೂವರೂ ಆ ಮಂಕು ಬೆಳಕನ್ನು ನೋಡಿದರು.

ಇನ್ನು ಉಳಿದದ್ದು, ಕರೆಂಟು ಸೋಲುವುದು ಹೋಗುವ ದಾರಿಯಲ್ಲೋ ಬರುವ ದಾರಿಯಲ್ಲೋ ಎಂದು ಕೇಳುವುದು. ಹೋಗುವ ದಾರಿಯಲ್ಲಿ ಅವನ ಬೆಸುಗೆಯ ಜೋಡು ಇತ್ತು. ಬಲ್ಬು ಉರಿಯುತ್ತಿರುವಾಗಲೇ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೇಲೆ, ಇನ್ನೊಂದನ್ನು ಪಂಪಿನ ಕೆಂಪು ತಂತಿಯ ಮೇಲೆ ಇಡಬೇಕು; ನಡುವೆ ಎಷ್ಟು ಕಳೆದುಹೋಗಿದೆಯೋ ಅದು ಮೀಟರಿನಲ್ಲಿ ಬರುತ್ತದೆ. ಅವನು ಮುಳ್ಳು ಹಿಡಿದ, ಇಡಲಿಲ್ಲ. ಸೂರ್ಯಕಾಂತ ಕೈ ಚಾಚಿದ: "ತಾ ಇಲ್ಲಿ, ನಾ ಇಡ್ತೀನಿ." "ಬ್ಯಾಡ" ಎಂದ ಸೂಗಪ್ಪ. ಹೊರಗೆ ಮಣಿಕೊಂಡದ ಯಾವುದೋ ಕಟ್ಟಡದಲ್ಲಿ ಕಲ್ಲು ಕೊರೆಯುವ ಸದ್ದು ಬರುತ್ತಿತ್ತು. ಅಲ್ಲಿ ಕೆಲಸ ಮಾಡುವ ತಮ್ಮ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದುದು ಕೇಳುತ್ತಿತ್ತು. ಅವನು ಲಿಂಗದ ಕರಡಿಗೆಯನ್ನು ಅಂಗಿಯ ಹೊರಗಿನಿಂದಲೇ ಒಮ್ಮೆ ಮುಟ್ಟಿ, ಮುಳ್ಳನ್ನು ಇಟ್ಟ.

ಸೊನ್ನೆ ಬಿಂದು ಒಂದು. ಏನೂ ಇಲ್ಲವೆನ್ನುವಷ್ಟು.

"ನೋಡಿದ್ಯೋ!" ಎಂದು ಸೂರ್ಯಕಾಂತ ಅವನ ಬೆನ್ನಿಗೆ ಗುದ್ದಿದ. "ನಿನ್ನ ಬೆಸಿಗಿ ಖಡಕ್ ಐತಿ! ನಾ ಹೇಳಿದ್ದಿಲ್ಲ? ಒಂಬತ್ತ ದಿನ ಉಪಾಸ ಬಿದ್ದು ಸಾಯಾಕತ್ತಿದ್ಯಲ್ಲೋ!" ಸೂಗಪ್ಪ ಸೀಟಿನ ಅಂಚಿನ ಮೇಲೆ ಕೂತ. ಎದೆಯಲ್ಲಿ ಏನೋ ಬಿಚ್ಚಿಕೊಂಡು ಹಗುರಾಯಿತು. ಅದು ಸಂತೋಷ. ಮಗಳು ಸತ್ತ ಜಾಗದಲ್ಲಿ, ಅವಳು ಬಗ್ಗಿದ್ದ ಸೀಟಿನ ಮೇಲೆ ಕೂತು, ತನ್ನ ತಪ್ಪಲ್ಲ ಎಂದು ತಾನು ಸಂತೋಷಪಡುತ್ತಿದ್ದೇನೆ ಎಂಬುದು ಕಂಡು ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಆದರೂ ಸಂತೋಷ ಹೋಗಲಿಲ್ಲ. ಹಸಿದ ಹೊಟ್ಟೆಗೆ ಅನ್ನ ಇಳಿದಂತೆ ಅದು ಇಳಿಯುತ್ತಲೇ ಇತ್ತು.

"ಹಂಗಾದ್ರ ಅರ್ತಿಂಗ್ ಕಡೆ, ಕಾಕಾ" ಎಂದಳು ತಾರಾ.

ಹೌದು, ಬರುವ ದಾರಿ. ಕಪ್ಪು ತಂತಿ. ಮುಳ್ಳನ್ನು ಅಲ್ಲಿಟ್ಟಾಗ ಐದು ವೋಲ್ಟು ಬಂತು. ಹೋದ ಕರೆಂಟಿಗೆ ಹಿಂದಿರುಗಲು ದಾರಿಯಿರಲಿಲ್ಲ. ಅವನು ಸೀಟಿನ ಕೆಳಗಿನ ಬೋಲ್ಟಿಗೆ ಪಾನಾ ಹಾಕಿದ. ಬೋಲ್ಟು ಕಿರ್ರೆಂದು ಬಿಚ್ಚಿಕೊಂಡಿತು. ತಂತಿಯ ತುದಿಯ ಬಳೆಯನ್ನು ಎತ್ತಿದರೆ ಅದರ ಕೆಳಗೆ, ತಗಡಿನ ಮೇಲೆ, ಹಸಿರೂ ಬಿಳುಪೂ ಬೆರೆತ ಹಿಟ್ಟಿನಂಥ ಪದರ. ಉಮಾ ಬಣ್ಣ ಉಜ್ಜಿ ತೆಗೆದು ಕನ್ನಡಿಯಂತೆ ಹೊಳೆಯುವಂತೆ ಮಾಡಿದ್ದ ತಗಡು ಕೆಂಪು ತುಕ್ಕಾಗಿತ್ತು. ಸುತ್ತಲಿನ ಎಲ್ಲ ಬೋಲ್ಟುಗಳ ಮೇಲೂ ಗ್ರೀಸಿನ ತೆಳು ಲೇಪ. ಇದೊಂದರ ಮೇಲೆ ಇಲ್ಲ. "ಇಲ್ಲಿಗೆ ನೀರ ಎಲ್ಲಿಂದ ಬಂತು?" ಎಂದು ತಾರಾ ಬಗ್ಗಿ ನೋಡಿದಳು. "ಮಳಿ ನೀರ ಒಳಗ ಬರಾಕ ಚಾನ್ಸೇ ಇಲ್ರೀ." ಸೂಗಪ್ಪ ಆ ಹಿಟ್ಟನ್ನು ಬೆರಳ ತುದಿಯಿಂದ ಉಜ್ಜಿದ. ಬೆರಳಿನ ಗೆರೆಗಳಲ್ಲಿ ಹಸಿರು ಕೂತಿತು. ಅದರ ನಡುವೆ ಮತ್ತೊಂದು ಬಣ್ಣ, ಹಳದಿ. ಅಂಚಿನಲ್ಲಿ ಬೂದಿಯ ಬಿಳುಪು. ಆ ಎರಡು ಬಣ್ಣಗಳನ್ನು ಅವನು ದಿನವೂ ಮುಟ್ಟುತ್ತಿದ್ದ.

ಮಹಾನವಮಿಯ ದಿನ ಅವಳು ಕಾರನ್ನು ಹಿಮಾಯತ್‌ನಗರದ ಗಲ್ಲಿಗೆ ತಂದಿದ್ದಳು. ಅಂಗಡಿಯ ಸಾಮಾನಿಗೆಲ್ಲ ಪೂಜೆಯಾಗಿತ್ತು. ಅವಳು ಹಿಂದಿನ ಸೀಟು ಎತ್ತಿ ಹೊಸ ಪಂಪು ತೋರಿಸಿದಳು. ಇದು ಎಷ್ಟು ಪೆಟ್ರೋಲ್ ತಳ್ಳುತ್ತದೆ, ಕರೆಂಟು ಎಲ್ಲಿಂದ ಬರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಒಂದೊಂದನ್ನೇ ಬೆರಳಿಟ್ಟು ಹೇಳಿದಳು. ಕೈಯಲ್ಲಿ ಗ್ರೀಸಿನ ಡಬ್ಬಿ ಇತ್ತು. ಕೊನೆಯ ಬೋಲ್ಟಿಗೆ ಹಚ್ಚುವುದು ಉಳಿದಿತ್ತು. ಅವನಿಗೆ ಆ ದಿನ ಮನಸ್ಸು ಮೆತ್ತಗಾಗಿತ್ತು. ಅವಳ ಕಾರನ್ನು ಅವನು ಅಲ್ಲಿಯವರೆಗೆ ಕೈಯಿಂದ ಮುಟ್ಟಿರಲಿಲ್ಲ. ಬಟ್ಟಲಲ್ಲಿದ್ದ ತೀರ್ಥ, ಒಡೆದ ತೆಂಗಿನಕಾಯಿಯ ನೀರಿಗೆ ವಿಭೂತಿಯೂ ಅರಿಶಿನವೂ ಬೆರೆಸಿದ್ದು, ಅದನ್ನು ಎತ್ತಿ ಪಂಪಿನ ಮುಚ್ಚಳದ ಮೇಲೆ, ಅವಳ ಬೆರಳಿದ್ದ ಆ ಬೋಲ್ಟಿನ ಮೇಲೆ, ಧಾರಾಳವಾಗಿ ಹಾಕಿದ. ಚಿಮುಕಿಸಲಿಲ್ಲ, ಹೊಯ್ದ. "ಅಯ್ಯೋ ಅಪ್ಪಾ, ಕರೆಂಟಿಂದು ಅದು!" ಎಂದು ಉಮಾ ನಕ್ಕು ಬಟ್ಟೆ ಹುಡುಕಿದಳು. ಆಗ ಗದಿಗೆಮ್ಮ ಅವಳ ಕೈ ಹಿಡಿದಳು: "ಒರಸಬ್ಯಾಡವ್ವಾ. ನಿಮ್ಮಪ್ಪ ಇವತ್ತ ಮೊದಲನೇ ಸಲ ನಿನ್ನ ಗಾಡಿಗಿ ಕೈ ಮುಗದಾನ. ಹಂಗ ಇರ್ಲಿ." ಉಮಾ ಅಪ್ಪನ ಮುಖ ನೋಡಿದಳು. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಡಬ್ಬಿಯ ಮುಚ್ಚಳ ಹಾಕಿದಳು.

ಅವಳಿಗೆ ಗೊತ್ತಿತ್ತು. ಉಪ್ಪೂ ಹುಳಿಯೂ ಇರುವ ನೀರು ತಗಡನ್ನು ತಿನ್ನುತ್ತದೆಂದು ಅವಳಿಗೆ ಗೊತ್ತಿಲ್ಲದೆ ಯಾರಿಗೆ ಗೊತ್ತಿರಬೇಕು? ಗೊತ್ತಿದ್ದೂ ಮೂರು ತಿಂಗಳು ಒರೆಸಲಿಲ್ಲ. ಅವನ ಕೆಲಸದಲ್ಲಿ ತಪ್ಪಿರಲಿಲ್ಲ. ಮನಸ್ಸಿಲ್ಲದೆ, ಗಿರಾಕಿಯ ಜೊತೆ ಹರಟುತ್ತ ಮಾಡಿದ ಬೆಸುಗೆ ಕಲ್ಲಿನಂತೆ ನಿಂತಿತ್ತು. ಇಡೀ ಮನಸ್ಸನ್ನು ತುಂಬಿ, ಕಣ್ಣಲ್ಲಿ ನೀರು ತಂದುಕೊಂಡು ಮಾಡಿದ ಒಂದು ಕೆಲಸ ಅವಳನ್ನು ಬೆಳಗಿನ ಜಾವದ ರಸ್ತೆಯಲ್ಲಿ ನಿಲ್ಲಿಸಿತ್ತು.

"ನನ್ನ ತೀರ್ಥ ಇದು" ಎಂದ.

ಸೂರ್ಯಕಾಂತ ಬೆರಳನ್ನು ನೋಡಿದ, ಅವನ ಮುಖ ನೋಡಿದ. "ಏ ಹುಚ್ಚ, ಸುಮ್ಮನಿರು. ತೀರ್ಥದಿಂದ ಯಾರರ ಸಾಯ್ತಾರೇನು? ವ್ಯಾನಿನಂವ ಕೊಂದಾನ." ಆಮೇಲೆ ತಗ್ಗಿದ ದನಿಯಲ್ಲಿ, "ಯಾರ ಮುಂದೂ ಅನ್ನಬ್ಯಾಡಪಾ" ಎಂದ.

ಸೂಗಪ್ಪ ಏಳಲಾರದೆ ಬಗ್ಗಿದಂತೆಯೇ ಇದ್ದ. ಅವಳು ಬಗ್ಗಿದ್ದ ಹಾಗೆಯೇ ತಾನೂ ಬಗ್ಗಿದ್ದೇನೆ, ಅವಳ ಕಣ್ಣು ಇದ್ದ ಎತ್ತರದಲ್ಲೇ ತನ್ನ ಕಣ್ಣು ಇದೆ ಎಂದು ಅನ್ನಿಸಿತು. ಆ ಎತ್ತರದಿಂದ ನೋಡಿದ್ದಕ್ಕೇ ಅದು ಕಂಡಿತು. ಬೋಲ್ಟಿನಿಂದ ಒಂದು ಗೇಣು ದೂರ, ಸೀಟು ಬಿಗಿಯುವ ಕಬ್ಬಿಣದ ಪಟ್ಟಿಯ ಅಂಚಿನಲ್ಲಿ, ಬಣ್ಣ ಕಿತ್ತು ಲೋಹ ಹೊಳೆಯುತ್ತಿತ್ತು. ಇಲಿ ಕಚ್ಚಿದಂತೆ ಸಾಲಾಗಿ ಸಣ್ಣ ಹಲ್ಲಿನ ಗುರುತು. ಹೊಸದು. ಕಪ್ಪು ತಂತಿಯ ಮೇಲೂ, ಹೊದಿಕೆ ಸುಲಿದ ಒಂದು ಬೆರಳಗಲದಲ್ಲಿ, ಅದೇ ಹಲ್ಲುಗಳು. ಅವನು ಕೈ ಇಟ್ಟು ಅಳೆದ. ಎರಡು ತುದಿಗೆ ಹಲ್ಲಿನ ಚಿಮಟಿಗೆ ಕ್ಲಿಪ್ಪಿರುವ ತುಂಡು ತಂತಿ. ಇಲ್ಲಿ ಒಂದು, ಅಲ್ಲಿ ಒಂದು. ಕೊಳೆತ ಬೋಲ್ಟನ್ನು ಬಿಟ್ಟು, ಕರೆಂಟಿಗೆ ಹೊಸ ದಾರಿ.

"ತಾರಾ, ಪೊಲೀಸರು ಕೊಟ್ಟ ಸಾಮಾನಿನಾಗ ಒಂದು ತುಂಡ ವಾಯರ್ ಐತೇನವ್ವಾ? ಚಿಮಟಿಗಿದು?"

ಪ್ಲಾಸ್ಟಿಕ್ ಚೀಲದಲ್ಲಿ ಚಪ್ಪಲಿ, ಟಾರ್ಚು, ಒಡೆದ ಫೋನು, ಅವುಗಳ ನಡುವೆ, ಪೊಲೀಸರು ಕಾರಿನಿಂದ ಕಿತ್ತಿಟ್ಟಿದ್ದ ಅದು, ಚಿಮಟಿಗೆಗೆ ಸುತ್ತಿದ ಟೇಪಿನ ಸಮೇತ ಇತ್ತು. ತಾರಾ ಅದನ್ನು ಹಿಡಿದು ನಿಂತು, ಆಮೇಲೆ ಚೀಲ ಕೆಳಗಿಟ್ಟು ಲ್ಯಾಪ್‌ಟಾಪು ತಂದಳು. ಎಂಜಿನ್ ನಡೆಸುವ ಕಂಪ್ಯೂಟರು ತಾನು ಓಡಿದ್ದನ್ನೆಲ್ಲ ಬರೆದಿಡುತ್ತದೆ. ಒಂಬತ್ತು ದಿನದಿಂದ ಅದನ್ನು ತೆರೆಯುವ ಧೈರ್ಯ ತನಗಿರಲಿಲ್ಲ ಎಂದಳು. ಕಾರಿಗೆ ತಂತಿ ಹಚ್ಚಿದಳು. ಪರದೆಯ ಮೇಲೆ ಒಂದು ಗೆರೆ ಬಂತು. "ಇದು ಪೆಟ್ರೋಲಿನ ಒತ್ತಡ, ಕಾಕಾ. ಇಲ್ಲಿ ನೋಡ್ರಿ, ಇಳಿಯಾಕ ಹತ್ತೇತಿ. ಇನ್ನೂ ಇಳಿತು. ಇಲ್ಲಿ ನಿಂತು ಬಿಡ್ತು. ನಾಕು ನಲವತ್ತೊಂದು." ಗೆರೆ ತುಂಡಾಗಿ, ಸ್ವಲ್ಪ ಜಾಗ ಬಿಟ್ಟು, ಮತ್ತೆ ಹುಟ್ಟಿತ್ತು. ತಾರಾಳ ದನಿ ಬದಲಾಯಿತು. "ನಾಕು ಐವತ್ತೆಂಟು. ಮತ್ತ ಸ್ಟಾರ್ಟ್ ಆಗೇತಿ, ಕಾಕಾ. ಒತ್ತಡ ಪೂರಾ ಐತಿ. ಸರಿ ಮಾಡ್ಯಾಳ ಅಕಿ!"

ಹದಿನೇಳು ನಿಮಿಷ. ಬಯಲು ರಸ್ತೆಯ ಗಾಳಿಯಲ್ಲಿ, ಹಲ್ಲಿನ ನಡುವೆ ಟಾರ್ಚು ಕಚ್ಚಿಕೊಂಡು, ಮೀಟರಿನ ಸುಳ್ಳನ್ನು ದಾಟಿ, ಕೆಂಪು ತಂತಿಯನ್ನು ಕೇಳಿ, ಕಪ್ಪು ತಂತಿಯನ್ನು ಕೇಳಿ, ಹದಿನೇಳು ನಿಮಿಷದಲ್ಲಿ ಅವಳು ಕಂಡುಹಿಡಿದದ್ದಕ್ಕೆ ಅವನಿಗೆ ಮುಂಜಾನೆಯಿಂದ ಮಧ್ಯಾಹ್ನ ಮೂರು ಗಂಟೆಯವರೆಗಿನ ಹೊತ್ತು ಬೇಕಾಗಿತ್ತು. ಕಂಡುಹಿಡಿದಾಗ ಬೋಲ್ಟಿನ ಸುತ್ತಲಿನ ಅರಿಶಿನವನ್ನೂ ಟಾರ್ಚಿನ ಬೆಳಕಿನಲ್ಲಿ ಕಂಡಿರಬೇಕು. ಯಾರ ಕೈಯೆಂದು ತಿಳಿದಿರಬೇಕು. ಬೈದಳೋ? ಅಯ್ಯೋ ಅಪ್ಪಾ ಎಂದು ಗಲ್ಲಿಯಲ್ಲಿ ನಕ್ಕಂತೆ ನಕ್ಕಳೋ? ಬೋಲ್ಟನ್ನು ಅವಳು ಬಿಚ್ಚಿರಲಿಲ್ಲ. ಅದನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಬೇರೆ ದಾರಿ ಮಾಡಿದ್ದಳು. ಎಂಜಿನ್ ಶುರುಮಾಡಿ, ಮತ್ತೆ ಹಿಂದೆ ಬಂದು, ಚಿಮಟಿಗೆ ಜಾರದಂತೆ ಟೇಪು ಸುತ್ತಲು ಬಗ್ಗಿದ್ದಳು.

"ಎಲ್ಲೀತನಕ ಓಡೇತಿ?" ಎಂದು ಕೇಳಿದ.

"ಐದು ಇಪ್ಪತ್ತಮೂರು. ಯಾರೋ ಚಾವಿ ತಿರುವಿ ಬಂದ್ ಮಾಡ್ಯಾರ."

ಇಪ್ಪತ್ತೈದು ನಿಮಿಷದ ಆ ಗೆರೆಯನ್ನು ಅವನು ಪರದೆಗೆ ಮುಖ ತಾಗುವಷ್ಟು ಹತ್ತಿರ ಹೋಗಿ ನೋಡಿದ. ಅದರ ಮೊದಲ ತುದಿಯಲ್ಲಿ ಅವಳಿದ್ದಳು. ಕೊನೆಯ ತುದಿಯಲ್ಲಿ ಇರಲಿಲ್ಲ. ನಡುವೆ ಯಾವ ಬಿಂದುವಿನಲ್ಲಿ ವ್ಯಾನು ಬಂತೆಂದು ಗೆರೆ ಹೇಳುತ್ತಿರಲಿಲ್ಲ. ಅದು ಎಲ್ಲಿಯೂ ಬಾಗಿರಲಿಲ್ಲ, ಎಲ್ಲಿಯೂ ಅಲುಗಿರಲಿಲ್ಲ. ಬಾಗಿಲು ಕಿತ್ತುಹೋದರೂ ಟೇಪು ಸುತ್ತಿದ ಚಿಮಟಿಗೆ ಹಿಡಿದುಕೊಂಡೇ ಇತ್ತು. ಮಾಡಿದವಳು ರಸ್ತೆಯ ಮೇಲೆ ಬಿದ್ದಿರುವಾಗ ಅವಳು ಮಾಡಿದ್ದು, ಆ ಕತ್ತಲೆಯಲ್ಲಿ, ಒಂದು ಎಳೆಯೂ ಸೋಲದೆ ನಡೆಯುತ್ತಿತ್ತು. ಸೂಗಪ್ಪನ ಕೈಗಳು ತಾವಾಗಿಯೇ ಎದ್ದು ಕೂಡಿಕೊಂಡವು. ಯಾರಿಗೆಂದು ಅವನಿಗೂ ತಿಳಿಯಲಿಲ್ಲ. ತಾರಾ ಅಳುತ್ತಿದ್ದಳು. ಸೂರ್ಯಕಾಂತ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಅದರ ಒಳಗನ್ನು ನೋಡುತ್ತ ನಿಂತಿದ್ದ.

ಮನೆಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಗಲ್ಲಿಯಲ್ಲಿತ್ತು. ಗದಿಗೆಮ್ಮ ಮರುದಿನದ ಪ್ರಸಾದಕ್ಕೆ ಅಕ್ಕಿ ಆರಿಸುತ್ತ ಹೊಸ್ತಿಲ ಬಳಿ ಕೂತಿದ್ದಳು. ತಲೆಯೆತ್ತದೆ, "ಸಿಕ್ತೇನ್ರಿ?" ಎಂದಳು. ಅವನು ಎಲ್ಲಿಗೆ ಹೋಗಿದ್ದನೆಂದು ಅವಳಿಗೆ ಹೇಳಿರಲಿಲ್ಲ. ಮೊರದ ಮೇಲಿನ ಅವಳ ಕೈ ನೋಡಿದ. ಆ ಕೈ ಮಹಾನವಮಿಯ ದಿನ ಮಗಳ ಕೈಯನ್ನು ಹಿಡಿದು, ಒರಸಬ್ಯಾಡವ್ವಾ ಎಂದಿತ್ತು. ಹೇಳಿದರೆ ತನ್ನ ಹೊರೆಯಲ್ಲಿ ಅರ್ಧ ಇಳಿಯುತ್ತದೆ. ಇಳಿದ ಅರ್ಧ ಈ ಕೈಯ ಮೇಲೆ ಬೀಳುತ್ತದೆ, ಬಿದ್ದ ಮೇಲೆ ಏಳುವುದಿಲ್ಲ.

"ನನಗ ಸಿಗೂಕಿಂತ ಮೊದಲ ಅಕಿಗೆ ಸಿಕ್ಕಿತ್ತು, ಗದಿಗೆವ್ವಾ" ಎಂದ. "ರಸ್ತಾದಾಗ ನಿಂತು, ಹದಿನೇಳು ಮಿನಿಟಿನಾಗ ಹುಡುಕಿ ಸರಿ ಮಾಡಿದ್ಲು. ಗಾಡಿ ಚಾಲೂ ಆಗಿತ್ತು. ನಲವತ್ತ ವರ್ಷ ಮಾಡಿ ನನಗ ಬರದಂಥ ಕೆಲಸ ಅದು."

"ಚಾಲೂ ಆಗಿತ್ತು?"

"ಚಾಲೂ ಇತ್ತು."

"ಹಂಗಾದ್ರ ಖುಷಿ ಆಗಿರಬೇಕು ಅಕಿಗಿ" ಎಂದಳು ಗದಿಗೆಮ್ಮ. ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದಳು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಅಕ್ಕಿಗೆ ಕೈ ಹಾಕಿದಳು.

ಅವನು ಬಚ್ಚಲಿಗೆ ಹೋಗಿ ಸ್ನಾನ ಮಾಡಿದ. ಬೆರಳಿನ ಗೆರೆಯೊಳಗಿನ ಹಸಿರು ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಹೋಗದಿದ್ದರೆ ಇರಲಿ ಎಂದುಕೊಂಡ. ಹಣೆಗೆ ವಿಭೂತಿ ಧರಿಸಿ, ಮಾಡದ ಮುಂದೆ ಕೂತು, ಕರಡಿಗೆ ತೆರೆದು ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡ. ಪತ್ರೆ ಏರಿಸಲು ಹೋದವನು ತಡೆದು, ನೀರಿನ ಬಟ್ಟಲನ್ನು ನೋಡಿದ. ಇದೇ ನೀರು, ಇದೇ ಬೂದಿ. ಭಕ್ತಿಯಿಂದ ಹಾಕಿದ್ದು ಹೂವಾಗಿಯೇ ಬೀಳುತ್ತದೆಂದು ಅರುವತ್ತು ವರ್ಷ ನಂಬಿದ್ದ. ಎಲ್ಲಿ ಬೀಳುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ. ಹೆದರಿಕೆಯಿಂದಲೇ ಬೆರಳನ್ನು ಅದ್ದಿ, ಒಂದೇ ಒಂದು ಹನಿಯನ್ನು ಲಿಂಗದ ಮೇಲೆ ಬಿಟ್ಟ. ಕೈ ನಡುಗುತ್ತಿತ್ತು, ನಡುಗುವ ಕೈಯನ್ನೇ ಎದೆಯ ಮಟ್ಟಕ್ಕೆ ಎತ್ತಿ, ತುಟಿ ಅಲುಗದಂತೆ ಹೇಳಿದ:

ತಂದೀ, ಈ ಕೈ ಎಂಥಾದ್ದು ಅಂತ ತಿಳೀತು. ಇದನ್ನ ನೀ ಏನ ಬೇಕಾದ್ರೂ ಮಾಡು. ನನ್ನ ಕೂಸು ಎಲ್ಲಾ ತಿಳದು, ನನ್ನ ನೀರನ್ನ ಒರಸದ ಬಿಟ್ಟಿತು. ಅದರ ದೊಡ್ಡತನ ನನಗ ಅಳತಿ ಸಿಗವಲ್ದು. ನೀ ಅಳೀಬಲ್ಲಿ. ಅಕಿ ಉಮಾ, ಉಮಾಶ್ರೀ, ಸೂಗಪ್ಪ ಗದಿಗೆವ್ವನ ಮಗಳು. ಅಕಿಗೆ ದಣಿವಾಗೇತಿ. ರಸ್ತಾದ ಗದ್ದಲ ಅಕಿ ಕಿವಿಗೆ ಬೀಳದಂಗ ಮಾಡು. ಅಕಿ 'ಅಪ್ಪ ಏನಂದಾನು' ಅಂತ ಕಾಯೋದು ಇನ್ನ ಬ್ಯಾಡ. ನಿನ್ನ ಬೆಳಕಿನಾಗ ಅಕಿನ್ನ ಕೂಡಸಿಕೋ, ಶಿವನೇ. ಅಕಿ ಜೀವಕ್ಕ ಶಾಂತಿ ಕೊಡು.